ಶಿರಾಜ್‌ನಲ್ಲಿ ನಮ್ಮ ತೋಟದ ಮೆಣಸು

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ, ಸಿಲ್ವರ್ ಮರಗಳಿಗೆಲ್ಲ ಮೆಣಸಿನ ಬಳ್ಳಿ. ಶಿರಾಜ್ ಅನ್ನುವ ಕಪ್ಪು ದ್ರಾಕ್ಷಿಯ ಕೆಂಪು ವೈನ್ ಬಗ್ಗೆ ಬರೆಯುವವರೆಲ್ಲ ‘ಕರಿಮೆಣಸಿನ ವಾಸನೆ’ ಅಂತಾರೆ, ಅದನ್ನು ನಾನೇ ಮೂಸಿ ನೋಡಬೇಕು ಅನ್ನಿಸಿತು. ಸುಮ್ನೆ ಹೇಳುವ ಮಾತಲ್ಲ ಅದು. ಮೆಣಸಿಗೆ ಆ ಘಮ ಕೊಡುವ ರೋಟಂಡೋನ್ ಅನ್ನುವ ವಸ್ತುವೇ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ, ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಲೀಟರ್ ಕೆಂಪು ವೈನ್‌ನಲ್ಲಿ 16 ನ್ಯಾನೋಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ!

ಕಣದಲ್ಲಿ ಒಣಗಿದ ನಾಲ್ಕು ಕಾಳು ತಂದು ಜಜ್ಜಿ ಬಟ್ಟಲಲ್ಲಿ ಇಟ್ಟುಕೊಳ್ಳುತ್ತೇನೆ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸು, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಾಕುವುದಿಲ್ಲ. ಅಲ್ಲಾಡಿಸದೆ ಮೂಸಿದಾಗ ಮೊದಲು ಬರುವುದು ಹಣ್ಣು, ಕಳಿತ ನೇರಳೆಯಂಥ ಕಪ್ಪು ಹಣ್ಣಿನ ವಾಸನೆ. ಗ್ಲಾಸು ಎರಡು ಸುತ್ತು ತಿರುಗಿಸಿ, ಒಮ್ಮೆ ಬಟ್ಟಲು ಮೂಸಿ, ಮತ್ತೆ ಗ್ಲಾಸಿಗೆ ಮೂಗು ಇಟ್ಟರೆ ಹಣ್ಣಿನ ಹಿಂದೆ ಮೆಣಸು ನಿಂತಿರುತ್ತದೆ.

ಎಲ್ಲರಿಗೂ ಸಿಗುವುದಿಲ್ಲ. “ಎಲ್ಲಿ ಮೆಣಸು? ನಂಗೇನೂ ಬರ್ತಿಲ್ಲ ಕಣೋ” ಅಂದರು ನಮ್ಮ ಭಾವ. ಕಣದ ಮೆಣಸನ್ನು ಕೈಯಲ್ಲಿ ಉಜ್ಜಿಯೇ ಒಳ್ಳೆಯದೋ ಅಲ್ಲವೋ ಹೇಳುವವರು ಅವರು. ಆದರೆ ಐದು ಜನರಲ್ಲಿ ಒಬ್ಬರಿಗೆ ರೋಟಂಡೋನ್ ವಾಸನೆ ಹಿಡಿಯುವುದೇ ಇಲ್ಲವಂತೆ. ಮೆಣಸಿನಲ್ಲಿ ಬೇರೆ ಘಮಗಳೂ ಇರುವುದರಿಂದ ಕಣದಲ್ಲಿ ತೊಂದರೆಯಾಗುವುದಿಲ್ಲ. ಇನ್ನೊಂದು, ತಂಪು ಜಾಗದ ದ್ರಾಕ್ಷಿಯಲ್ಲಿ ರೋಟಂಡೋನ್ ಜಾಸ್ತಿ. ಫ್ರಾನ್ಸಿನಲ್ಲಿ ರೋನ್ ನದಿಯ ಉತ್ತರ ಭಾಗದ ಸಿರಾ (ದ್ರಾಕ್ಷಿ ಇದೇ, ಅಲ್ಲಿ ಹೆಸರು ಹಾಗೆ) ಮೆಣಸಿಗೆ ಹೆಸರುವಾಸಿ, ಬಿಸಿಲೂರಿನದರಲ್ಲಿ ಹಣ್ಣೇ ಮುಂದೆ.

ಬಾಟಲಿ ಎಷ್ಟು ತಂಪಿದೆ ಅನ್ನುವುದು ಬಹಳ ಮುಖ್ಯ, ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅನ್ನುವುದೇ ನನಗೆ ಬೇಜಾರು. 16ರಿಂದ 18 ಡಿಗ್ರಿ ಇರಬೇಕು. ಡಿಸೆಂಬರ್ ರಾತ್ರಿ ನಮ್ಮ ಮನೆಯಲ್ಲಿ ಹಾಗೇ ಬಿಚ್ಚಬಹುದು, ಏಪ್ರಿಲ್‌ನಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಡಲೇಬೇಕು, ಇಲ್ಲದಿದ್ದರೆ ಮೂಗಿಗೆ ಆಲ್ಕೋಹಾಲ್ ಬಡಿದು ಮೆಣಸೂ ಇಲ್ಲ, ಹಣ್ಣೂ ಇಲ್ಲ. ತೀರಾ ತಣ್ಣಗಾದರೆ ಒಗರು ಮಾತ್ರ ಉಳಿಯುತ್ತದೆ.

ಬಾಯಲ್ಲಿ ನಾನು ನೋಡುವುದು ಬಾಡಿ, ಅಂದರೆ ವೈನ್‌ನ ತೂಕ. ಕಾಫಿ ಕಪ್ಪಿಂಗ್ (ರುಚಿ ಪರೀಕ್ಷೆ) ಮಾಡುವಾಗಿನ ಹಾಗೆ ಸುರ್ ಅಂತ ಗಾಳಿ ಸೇರಿಸಿ ಎಳೆದುಕೊಂಡು ನಾಲಿಗೆಯ ಮೇಲೆ ಎಷ್ಟು ಭಾರ ಕೂರುತ್ತದೆ, ಒಗರು ವಸಡಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಗಮನಿಸುತ್ತೇನೆ.

ಬ್ಲೆಂಡ್, ಅಂದರೆ ಬೇರೆ ಬೇರೆ ದ್ರಾಕ್ಷಿ ಬೆರೆಸಿದ ವೈನ್, ಅರ್ಥವಾಗಬೇಕಾದರೆ ಪಕ್ಕದಲ್ಲಿ ಬರೀ ಶಿರಾಜ್ ಇಟ್ಟುಕೊಂಡು ಕುಡಿಯಬೇಕು. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ವೈನರಿಯ ಲಾ ರಿಸರ್ವ್ ಅನ್ನುವ ವೈನ್‌ನಲ್ಲಿ ಕ್ಯಾಬರ್ನೆ ಸಾವಿನ್ಯೋನ್ ಅನ್ನುವ ಇನ್ನೊಂದು ಕಪ್ಪು ದ್ರಾಕ್ಷಿ ಮತ್ತು ಶಿರಾಜ್ ಸೇರಿವೆ. ಕ್ಯಾಬರ್ನೆ ಒಗರನ್ನು ಬಿಗಿಯಾಗಿ ಹಿಡಿದರೆ ಶಿರಾಜ್ ಅದರ ನಡುವೆ ಹಣ್ಣಿನ ರುಚಿ ತುಂಬುತ್ತದೆ. ರೋನ್‌ನ ಕೋತ್ ರೋತಿ ಅನ್ನುವ ಜಾಗದ ವೈನ್‌ನಲ್ಲಂತೂ ಸಿರಾ ಜೊತೆ ವಿಯೋನಿಯೇ ಅನ್ನುವ ಬಿಳಿ ದ್ರಾಕ್ಷಿಯನ್ನೂ ಶೇ. 20ರವರೆಗೆ ಸೇರಿಸಿ ಒಟ್ಟಿಗೆ ಹುದುಗಲು ಬಿಡಬಹುದು.

ಊಟಕ್ಕೆ ಮೆಣಸು ಹಾಕಿದ ಹಂದಿ ಮಾಂಸ, ಅಕ್ಕಿ ರೊಟ್ಟಿ. ಕೊಬ್ಬಿನಂಶ ಇದ್ದಾಗ ಒಗರು ಮೆತ್ತಗಾಗುತ್ತದೆ. ಹಸಿಮೆಣಸಿನಕಾಯಿ ಖಾರ ಜಾಸ್ತಿಯಾದರೆ ಮಾತ್ರ ವೈನ್ ಕೆಡುತ್ತದೆ, ಗಂಟಲು ಉರಿಯುತ್ತದೆ. ಉಳಿದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ. ಒಗರು ಜಾಸ್ತಿ ಇದ್ದ ಬ್ಲೆಂಡ್ ಮಾರನೇ ದಿನವೇ ನನಗೆ ಹೆಚ್ಚು ರುಚಿಸುತ್ತದೆ.