ಕಿಡ್ನಿ ಕಸಿಗೆ ಮುಂಚೆ, ಕಸಿ ಆದ ಮೇಲೆ: ರೋಗಿಗೆ ಮಂಕು, ಮರೆವು ಇದ್ದರೆ ಮನೆಯವರು ಮಾಡಬೇಕಾದ್ದು

ಕಿಡ್ನಿ ಕೆಟ್ಟವರಲ್ಲಿ ಮೊದಲು ಕೈಕೊಡುವುದು ನೆನಪಲ್ಲ. ಗಮನ, ಚುರುಕು, ಒಂದಾದ ಮೇಲೊಂದು ಕೆಲಸ ಹೊಂದಿಸಿಕೊಂಡು ಮಾಡುವ ಶಕ್ತಿ, ಇವು ಮೊದಲು ಕುಗ್ಗುತ್ತವೆ. ಹಳೇ ಸಂಗತಿ, ನೆಂಟರಿಷ್ಟರ ಹೆಸರು ಎಲ್ಲ ಸರಿಯಾಗೇ ಹೇಳುತ್ತಾರೆ. ಹಾಗಾಗಿ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ನೋಡಬೇಕಾದ್ದು ದಿನನಿತ್ಯದ ಕೆಲಸಗಳಲ್ಲಿ. ಹದಿನೈದು ದಿನದ ಹಾಲಿನ ಲೆಕ್ಕ ತಾಳೆ ಹಾಕಲು ಒದ್ದಾಡುತ್ತಾರೆ. ತೋಟದಲ್ಲಿ ಒಂದು ಗೇಟ್ ವಾಲ್ವ್ ಮುಚ್ಚಿ ಇನ್ನೊಂದು ತೆರೆಯುವುದು ಬಿಟ್ಟು ಮೋಟರ್ ಹಾಕುತ್ತಾರೆ, ಪೈಪ್ ಕಿತ್ತುಕೊಳ್ಳುತ್ತದೆ. ಬೆಳಗಿನ ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಎರಡನೇ ಸಲ ನುಂಗುತ್ತಾರೆ. ಇಂಥವು ಒಂದೆರಡು ತಿಂಗಳಿಂದ ನಡೆಯುತ್ತಿದ್ದರೆ ಡಯಾಲಿಸಿಸ್ ಡಾಕ್ಟರಿಗೆ ಹೇಳಿ.

ಬಹಳ ಮನೆಗಳಲ್ಲಿ ಇದನ್ನು ಬೇಕಂತಲೇ ಮುಚ್ಚಿಡುತ್ತಾರೆ. ಗೊತ್ತಾದರೆ ಕಸಿ ಪಟ್ಟಿಯಿಂದ ಕೈಬಿಡುತ್ತಾರೆ ಎಂಬ ಹೆದರಿಕೆ. ಮರೆವು ಇದೆ ಎಂಬ ಒಂದೇ ಕಾರಣಕ್ಕೆ ಕಸಿ ತಪ್ಪುವುದಿಲ್ಲ. ಡಿಮೆನ್ಷಿಯಾ ಥರ ದಿನೇ ದಿನೇ ಏರುವ ಕಾಯಿಲೆಯಾದರೆ ಮಾತು ಬೇರೆ. ಉಳಿದವರ ವಿಷಯದಲ್ಲಿ ಕಸಿ ತಂಡ ಮುಖ್ಯವಾಗಿ ನೋಡುವುದು ಒಂದನ್ನು: ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು, ವರ್ಷಗಟ್ಟಲೆ, ಈ ಮನುಷ್ಯನ ಕೈಗೆ ಮಾತ್ರೆ ಕೊಡುವವರು ಯಾರು? ಇದಕ್ಕೆ ಹೆಸರು ಹಿಡಿದು ಉತ್ತರ ಹೇಳುವ ಮನೆ, ಮರೆವನ್ನು ಮುಚ್ಚಿಟ್ಟ ಮನೆಗಿಂತ ಎಷ್ಟೋ ಸುರಕ್ಷಿತ.

ಮೊದಲು, ಸರಿಮಾಡಬಹುದಾದ ಕಾರಣಗಳು

ಮಂಕು ಅಂದ ತಕ್ಷಣ ಮೆದುಳಿನ ಸ್ಕ್ಯಾನ್‌ಗೆ ಓಡಬೇಡಿ. ಮೊದಲು ಮಾತ್ರೆ ಚೀಲವನ್ನು ಡಾಕ್ಟರ್ ಮುಂದೆ ಸುರಿಯಿರಿ. ಉರಿ, ಜೋಮಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಕಿಡ್ನಿಯಿಂದಲೇ ಹೊರಹೋಗಬೇಕು. ಡಯಾಲಿಸಿಸ್‌ನವರಿಗೆ ಡೋಸ್ ತುಂಬಾ ಇಳಿಸದಿದ್ದರೆ ತೂಕಡಿಕೆ, ತಡವರಿಕೆ ಗ್ಯಾರಂಟಿ. ಬಿಕ್ಕಳಿಕೆಗೋ ಬೆನ್ನು ಹಿಡಿತಕ್ಕೋ ಕೊಡುವ ಬ್ಯಾಕ್ಲೋಫೆನ್ ಇನ್ನೂ ಅಪಾಯ, ಸಣ್ಣ ಡೋಸ್ ಸಾಕು, ಎಚ್ಚರ ತಪ್ಪುವ ಮಟ್ಟಕ್ಕೆ ಹೋಗುತ್ತದೆ. ಸರ್ಪಸುತ್ತಿಗೆ ಕೊಡುವ ಅಸೈಕ್ಲೋವಿರ್, ಸೋಂಕಿಗೆ ಹಾಕುವ ಸೆಫಿಪಿಮ್ ಇಂಜೆಕ್ಷನ್, ತುರಿಕೆಗೆ ದಿನಾ ನುಂಗುವ ಅವಿಲ್ ಕೂಡ ಇದೇ ಸಾಲಿನವು. ಹಣ್ಣಿನಲ್ಲಿ ಕಮರಾಕ್ಷಿ, ಅಂದರೆ ನಕ್ಷತ್ರ ಹಣ್ಣು, ಒಂದು ಹೋಳೂ ಬೇಡ. ಕಿಡ್ನಿ ಕೆಟ್ಟವರಿಗೆ ಅದು ಮೊದಲು ಬಿಕ್ಕಳಿಕೆ, ಆಮೇಲೆ ಗೊಂದಲ, ಕೊನೆಗೆ ಫಿಟ್ಸ್ ತರಿಸುತ್ತದೆ.

ಆಮೇಲೆ ರಕ್ತ: ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿದೆಯೇ, ಬಿ12, ಥೈರಾಯ್ಡ್, ಸೋಡಿಯಂ ಹೇಗಿವೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ರಾತ್ರಿ ಹೊತ್ತು ಶುಗರ್ ಇಳಿಯುವುದನ್ನು ವಿಶೇಷವಾಗಿ ನೋಡಿ. ಕಿಡ್ನಿ ಸೋತಾಗ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಹಳೇ ಡೋಸೇ ಈಗ ಜಾಸ್ತಿಯಾಗುತ್ತದೆ. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಅದನ್ನೂ ಹೇಳಿ. ಖಿನ್ನತೆ ಎಷ್ಟೋ ಸಲ ಮರೆವಿನ ವೇಷ ಹಾಕಿ ಬರುತ್ತದೆ.

ಇನ್ನು ಡಯಾಲಿಸಿಸ್. ಮಷಿನ್ ಮೇಲೆ ಬಿಪಿ ಕುಸಿದಾಗಲೆಲ್ಲ ಮೆದುಳಿಗೆ ರಕ್ತ ಕಡಿಮೆಯಾಗುತ್ತದೆ. ವಾರಕ್ಕೆ ಮೂರು ಸಲ ಅಂದವರು ಬಸ್ ಖರ್ಚು ನೋಡಿ ಎರಡಕ್ಕೆ ಇಳಿಸಿದರೆ ನಡುವೆ ನೀರು ತುಂಬುತ್ತದೆ, ಅಷ್ಟನ್ನೂ ನಾಲ್ಕು ಗಂಟೆಯಲ್ಲಿ ಎಳೆಯಬೇಕಾಗುತ್ತದೆ, ಬಿಪಿ ಬೀಳುತ್ತದೆ. ಗಂಟೆಗೆ ಕೆಜಿಗೆ 13 ಎಂಎಲ್ ದಾಟದಂತೆ ಎಳೆಯುವುದು ರೂಢಿ. 55 ಕೆಜಿ ತೂಕದವರಿಗೆ 4 ಗಂಟೆಯಲ್ಲಿ ಅದು ಸುಮಾರು 2.8 ಲೀಟರ್. ತೂಕ ಅದಕ್ಕಿಂತ ಹೆಚ್ಚು ಏರಿ ಬರುತ್ತಿದ್ದರೆ ಮರೆವಿನ ಒಂದು ಕಾರಣ ಅಲ್ಲೇ ಇರಬಹುದು.

ಪರೀಕ್ಷೆ ಯಾವಾಗ, ಯಾವ ಭಾಷೆಯಲ್ಲಿ

ನೆನಪು, ಗಮನ ಅಳೆಯಲು ಸಾಮಾನ್ಯವಾಗಿ ಮಾಡುವುದು ಮೋಕಾ ಪರೀಕ್ಷೆ. ಹತ್ತು ಹದಿನೈದು ನಿಮಿಷದ್ದು, ಒಟ್ಟು 30 ಅಂಕ, 26 ಮತ್ತು ಮೇಲೆ ಸರಿ ಎಂದು ಲೆಕ್ಕ. ಡಯಾಲಿಸಿಸ್ ನಡೆಯುತ್ತಿರುವಾಗ, ಕುರ್ಚಿಯಲ್ಲಿ ಸುಸ್ತಾಗಿ ಮಲಗಿದವರಿಗೆ ಇದನ್ನು ಮಾಡಿದರೆ ಅಂಕ ಸುಳ್ಳು ಹೇಳುತ್ತದೆ. ಡಯಾಲಿಸಿಸ್ ಆದ ಮಾರನೇ ದಿನ ಬೆಳಿಗ್ಗೆ, ತಿಂಡಿ ತಿಂದ ಮೇಲೆ, ಕನ್ನಡಕ ಹಾಕಿಸಿ, ಕಿವಿ ಮಂದವಿದ್ದರೆ ಯಂತ್ರ ಹಾಕಿಸಿ ಮಾಡಿಸಿ. ಕಿವಿ ಕೇಳದವರನ್ನು ಮರೆವಿನವರು ಎಂದು ಬರೆದುಬಿಡುವುದು ತುಂಬಾ ಸಾಮಾನ್ಯ.

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರು ಜಿಲ್ಲೆಗೆ ಒಂದು ವಿಶೇಷ ಮಾತಿದೆ. ಪಾವಗಡ, ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಯಲ್ಲಿ ಮಾತಾಡುವುದು ತೆಲುಗು, ಕೆಜಿಎಫ್‌ನಲ್ಲಿ ತಮಿಳು. ಸಂತೆಯಲ್ಲಿ ಕನ್ನಡ ಚೆನ್ನಾಗಿ ಆಡುತ್ತಾರೆ ಎಂದು ಪರೀಕ್ಷೆಯನ್ನೂ ಕನ್ನಡದಲ್ಲೇ ಮಾಡಿದರೆ ಪದ ನೆನಪಿಡುವ ಭಾಗದಲ್ಲಿ ಅಂಕ ಹೋಗುತ್ತದೆ. ಮನೆಮಾತಲ್ಲೇ ಮಾಡಿ ಎಂದು ಕೇಳಿ. ಓದುಬರಹ ಇಲ್ಲದವರಿಗೆ ಪೆನ್ನು ಹಿಡಿದು ಗಡಿಯಾರ, ಡಬ್ಬಿಯಾಕಾರ ಬರೆಸುವುದು ಅನ್ಯಾಯ, ಅವರಿಗೆ ಮೋಕಾದ್ದೇ ಬೇಸಿಕ್ ಎಂಬ ಬೇರೆ ರೂಪವಿದೆ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಶುರುಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದ ಮೊದಲ ಹಂತದಲ್ಲೇ ಕೋಲಾರದ ಎಸ್‌ಎನ್‌ಆರ್ ಮತ್ತು ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಗಳಿದ್ದವು. ಬೆಂಗಳೂರಿಗೆ ಹೋಗುವ ಮುಂಚೆ ಅಲ್ಲಿ ವಿಚಾರಿಸಿ.

ಒಬ್ಬರಲ್ಲ, ಇಬ್ಬರು

ಕಿಡ್ನಿ ಕೊಡುವವರು ಹೆಚ್ಚಾಗಿ ಹೆಂಡತಿ ಅಥವಾ ತಾಯಿ. ಮಾತ್ರೆ ಕೊಡುವವರೂ ಅವರೇ. ಇಲ್ಲೇ ಲೆಕ್ಕ ತಪ್ಪುವುದು: ರೋಗಿಗೆ ಅತಿ ಹೆಚ್ಚು ಗಮನ ಬೇಕಾದ ವಾರಗಳಲ್ಲೇ ದಾನಿಯೂ ಹೊಟ್ಟೆ ಹೊಲಿಗೆ ಹಾಕಿಸಿಕೊಂಡು ಮಲಗಿರುತ್ತಾರೆ, ಸುಮಾರು ಆರು ವಾರ ಭಾರ ಎತ್ತುವಂತಿಲ್ಲ. ಮೂರನೆಯವರೊಬ್ಬರನ್ನು, ತಮ್ಮನೋ ಸೊಸೆಯೋ, ಆಪರೇಷನ್‌ಗೆ ತಿಂಗಳು ಮುಂಚೆಯೇ ಗೊತ್ತುಮಾಡಿ ಕಸಿ ಸಂಯೋಜಕರ ಎದುರು ಕೂರಿಸಿ. ಮೃತ ದಾನಿಯ ಕಿಡ್ನಿಗೆ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರಿದ್ದರೆ ರೋಗಿಯ ನಂಬರ್ ಜೊತೆ ಮಾತ್ರೆ ಕೊಡುವ ಈ ಇಬ್ಬರ ನಂಬರನ್ನೂ ಆಸ್ಪತ್ರೆಯಲ್ಲಿ ಬರೆಸಿ. ಕರೆ ಅರ್ಧರಾತ್ರಿ ಬರಬಹುದು, ರೋಗಿ ಫೋನ್ ಎತ್ತಿ "ಆಯ್ತು" ಎಂದು ಮಲಗಿಬಿಟ್ಟರೆ ಕಿಡ್ನಿ ಮುಂದಿನವರಿಗೆ ಹೋಗುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುಂಚೆ ರೋಗಿಯ ಬಾಯಲ್ಲೇ ಹೇಳಿಸಿ: ಏನು ಮಾಡುತ್ತಾರೆ, ಏನು ತೊಂದರೆ ಆಗಬಹುದು, ಆಮೇಲೆ ಮಾತ್ರೆ ಎಷ್ಟು ದಿನ. "ಅರ್ಥ ಆಯ್ತಾ?" ಎಂದು ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ.

ಮಾತ್ರೆ

ಮೈ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲಿ ಎಂದು ಕಸಿ ಆದವರು ಹೆಚ್ಚಾಗಿ ನುಂಗುವುದು ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್. ಮೊದಲೆರಡು 12 ಗಂಟೆಗೊಮ್ಮೆ. ಮೂರನೆಯದು ಬೆಳಿಗ್ಗೆ ತಿಂಡಿ ಆದ ಮೇಲೆ, ಸಂಜೆ ನುಂಗಿದರೆ ನಿದ್ದೆ ಹಾರುತ್ತದೆ. ಹೊತ್ತನ್ನು ಹೊಸದಾಗಿ ಕಲಿಸುವ ಬದಲು ಹಳೇ ರೂಢಿಗೆ ಕಟ್ಟಿ. ಮೂವತ್ತು ವರ್ಷ ಬೆಳಿಗ್ಗೆ ಆರೂವರೆಗೆ, ಸಂಜೆ ಆರೂವರೆಗೆ ಡೈರಿಗೆ ಹಾಲು ಹಾಕಿದವರಿಗೆ ಆ ಹೊತ್ತು ಮೈಯಲ್ಲೇ ಕೂತಿರುತ್ತದೆ. ಹಾಲಿನ ಕ್ಯಾನ್ ಎತ್ತುವ ಮುಂಚೆ ಟ್ಯಾಕ್ರೋಲಿಮಸ್, ಎರಡು ಹೊತ್ತೂ ಖಾಲಿ ಹೊಟ್ಟೆ, ಎರಡು ಹೊತ್ತೂ ಒಂದೇ ಥರ.

ಏಳು ದಿನದ ಡಬ್ಬಿಯನ್ನು ಭಾನುವಾರ ಮನೆಯವರೇ ತುಂಬಲಿ, ಒಂದು ವಾರದ್ದು ಮಾತ್ರ. ಟ್ಯಾಕ್ರೋಲಿಮಸ್ 0.5, 1 ಎಂಜಿ ಹೀಗೆ ಬೇರೆ ಬೇರೆ ಬರುತ್ತದೆ, ಎರಡನ್ನೂ ಒಂದೇ ಡಬ್ಬಕ್ಕೆ ಹಾಕಿಟ್ಟುಕೊಂಡರೆ ಡೋಸ್ ಎರಡರಷ್ಟೋ ಅರ್ಧವೋ ಆಗುತ್ತದೆ. ಫೋನಿನಲ್ಲಿ ಡೋಸ್ ಬದಲಿಸಿದರೆ ಗೋಡೆಯ ಹಳೇ ಚೀಟಿ ಆ ಕ್ಷಣವೇ ಹರಿದು ಹೊಸದು ಅಂಟಿಸಿ. ಮೆಡಿಕಲ್ ಸ್ಟೋರಿನವರು ಬೇರೆ ಕಂಪನಿಯದ್ದು ಕೊಟ್ಟರೆ ಕಸಿ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ. ಡಯಾಲಿಸಿಸ್ ಕಾಲದ ಉಳಿಕೆ ಮಾತ್ರೆಗಳನ್ನು ಮನೆಯಿಂದಲೇ ಹೊರಹಾಕಿ. ಊಟದ ಜೊತೆ ರಂಜಕ ತಡೆಯುವ ಸೆವೆಲಾಮರ್ ನುಂಗಿ ರೂಢಿಯಾದವರು ಈಗಲೂ ನುಂಗುತ್ತಾರೆ, ಅದು ಮೈಕೋಫಿನೋಲೇಟ್ ಮೈಗೆ ಹತ್ತದಂತೆ ಮಾಡುತ್ತದೆ. ಒಂದು ಡೋಸ್ ತಪ್ಪಿದರೆ ಎರಡು ಒಟ್ಟಿಗೆ ಕೊಡಬೇಡಿ, ಫೋನ್ ಮಾಡಿ ಕೇಳಿ.

ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ನೋಡಲು ರಕ್ತ ಕೊಡುವ ದಿನ ಡಬ್ಬಿಯ ಆ ಬೆಳಗಿನ ಖಾನೆ ಖಾಲಿ ಇಟ್ಟು, ಟ್ಯಾಕ್ರೋಲಿಮಸ್ ಮಾತ್ರೆಯನ್ನು ಜೊತೆಗೆ ಬರುವವರ ಜೇಬಿನಲ್ಲಿಡಿ. ಮಟ್ಟ ನೋಡುವುದು ಹಿಂದಿನ ಸಂಜೆಯ ಡೋಸ್ ಆಗಿ 12 ಗಂಟೆಗೆ, ಬೆಳಗಿನದು ನುಂಗುವ ಮುಂಚೆ. ರೂಢಿಯಂತೆ ನುಂಗಿ ಹೋದರೆ ಮಟ್ಟ ಸುಳ್ಳು ಸುಳ್ಳೇ ಮೇಲೆ ಬರುತ್ತದೆ, ಡಾಕ್ಟರ್ ಡೋಸ್ ಇಳಿಸುತ್ತಾರೆ, ನಿಜವಾದ ಮಟ್ಟ ಪಾತಾಳಕ್ಕೆ ಹೋಗಿ ಮೈ ಕಿಡ್ನಿಯನ್ನು ತಿರಸ್ಕರಿಸಬಹುದು. ಯಾರ ತಪ್ಪು ಎಂದು ಯಾರಿಗೂ ಗೊತ್ತಾಗುವುದಿಲ್ಲ. ನುಂಗಿಬಿಟ್ಟಿದ್ದರೆ ಸತ್ಯ ಹೇಳಿ, ಆವತ್ತು ರಕ್ತ ಕೊಡಬೇಡಿ.

ದೇವನಹಳ್ಳಿ ಚಕ್ಕೋತ ಹೆದ್ದಾರಿಯಲ್ಲಿ ಎಷ್ಟು ಚೆನ್ನಾಗಿ ಕಂಡರೂ ಕಸಿ ಆದವರಿಗೆ ಬೇಡ, ಟ್ಯಾಕ್ರೋಲಿಮಸ್ ಮಟ್ಟ ಏರಿಸುತ್ತದೆ. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಸೋಂಕಿಗೆ ಕೊಡುವ ಕ್ಲಾರಿಥ್ರೋಮೈಸಿನ್ ಕೂಡ ಹಾಗೇ. ಭೇದಿಯಾದಾಗಲೂ ಮಟ್ಟ ಏರುತ್ತದೆ.

ನೀರು: ಬಿಡಿಸುವುದೇ ಕಷ್ಟ

ಡಯಾಲಿಸಿಸ್‌ನಲ್ಲಿ ವರ್ಷಗಟ್ಟಲೆ ಕಲಿಸಿದ್ದು, ಮೂತ್ರ ಬರುವಷ್ಟು ಜೊತೆಗೆ ಅರ್ಧ ಲೀಟರ್, ಅದಕ್ಕಿಂತ ಹೆಚ್ಚು ಕುಡಿಯಬೇಡ ಎಂದು. ಕಸಿ ಆದ ಮರುವಾರ ದಿನಕ್ಕೆ ಎರಡೂವರೆ ಮೂರು ಲೀಟರ್ ಕುಡಿ ಎನ್ನುತ್ತಾರೆ. ಮಂಕು ಇರುವವರಿಗೆ ಹೊಸದನ್ನು ಕಲಿಯುವುದಕ್ಕಿಂತ ಹಳೇದನ್ನು ಬಿಡುವುದು ಕಷ್ಟ. ಲೋಟ ಎತ್ತಿ ಎರಡು ಗುಟುಕು ಕುಡಿದು ಇಡುತ್ತಾರೆ, ಏಪ್ರಿಲ್ ಬಿಸಿಲಲ್ಲಿ ಕಿಡ್ನಿ ಕೆಲಸದ ಅಳತೆಯಾದ ಕ್ರಿಯಾಟಿನಿನ್ ಏರುತ್ತದೆ. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಡಾಕ್ಟರ್ ಹೇಳಿದ ಅಳತೆಗೆ ಲೀಟರ್ ಬಾಟಲಿಗಳನ್ನು ಬೆಳಿಗ್ಗೆಯೇ ತುಂಬಿ ಸಾಲಾಗಿ ಇಡಿ. ಮಧ್ಯಾಹ್ನದ ಊಟಕ್ಕೆ ಒಂದು ಪೂರ್ತಿ, ಇನ್ನೊಂದು ಅರ್ಧ ಖಾಲಿಯಾಗಿರಬೇಕು.

ಇದ್ದಕ್ಕಿದ್ದಂತೆ ಗೊಂದಲ ಆದರೆ

ಕಸಿ ಆದ ಮೇಲೆ ಹಲವರಿಗೆ ತಿಂಗಳುಗಳಲ್ಲಿ ಚುರುಕು ಸ್ವಲ್ಪ ಮರಳುತ್ತದೆ, ಪೂರ್ತಿ ಅಲ್ಲ. ಕೈನಡುಕ, ಸಹಿ ಬದಲಾಗುವುದು, ತಲೆನೋವು ಟ್ಯಾಕ್ರೋಲಿಮಸ್ ಹೆಚ್ಚಾದ ಗುರುತಿರಬಹುದು, ಮಟ್ಟ ನೋಡಿಸಿ. ಆದರೆ ನಿನ್ನೆ ಸರಿಯಿದ್ದವರು ಇವತ್ತು ದಿನ ಯಾವುದೆಂದು ತಿಳಿಯದೆ, ಒಂದು ಹೊತ್ತು ಸರಿ ಇನ್ನೊಂದು ಹೊತ್ತು ಮಂಕಾಗಿದ್ದರೆ ಅದು ವಯಸ್ಸಿನ ಮರೆವಲ್ಲ. ಶುಗರ್, ಬಿಪಿ, ಜ್ವರ ಅಳೆದು ಬರೆದುಕೊಳ್ಳಿ, ನಿದ್ದೆ ಮಾತ್ರೆ ಕೊಡಬೇಡಿ. 100.4 ಡಿಗ್ರಿ ದಾಟಿದ ಜ್ವರದ ಜೊತೆ ಗೊಂದಲ ಇದ್ದರೆ ಮೆದುಳಿನ ಪೊರೆಗೆ ಸೋಂಕು, ಟಿಬಿ ಸೇರಿದಂತೆ, ತಗುಲಿರಬಹುದು. ರೋಗನಿರೋಧಕ ಶಕ್ತಿ ಅದುಮಿಟ್ಟಿರುವುದರಿಂದ ಕುತ್ತಿಗೆ ಬಿಗಿತದಂಥ ಗುರುತುಗಳು ಕಾಣದೇ ಇರಬಹುದು. ಬಿಪಿ ಏರಿ, ಕಣ್ಣು ಮಂಜಾಗಿ, ಫಿಟ್ಸ್ ಬಂದರೆ ಟ್ಯಾಕ್ರೋಲಿಮಸ್‌ನಿಂದಲೇ ಮೆದುಳು ಊದಿಕೊಂಡಿರಬಹುದು. 108ಕ್ಕೆ ಕರೆ ಮಾಡಿ, ಮಾತ್ರೆ ಚೀಲವನ್ನೇ ಒಯ್ಯಿರಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಮಾತೇ "ಕಿಡ್ನಿ ಕಸಿ ಆದವರು, ಟ್ಯಾಕ್ರೋಲಿಮಸ್ ತಗೊಳ್ತಿದ್ದಾರೆ" ಎಂದಿರಲಿ. ನೋವಿಗೆ ಹಾಕುವ ಡೈಕ್ಲೋಫೆನಾಕ್ ಸೂಜಿ ಬೇಡ ಎನ್ನಿ. ಫಿಟ್ಸ್‌ಗೆ ಫೆನಿಟಾಯಿನ್ ಹಾಕಿದರೆ ಟ್ಯಾಕ್ರೋಲಿಮಸ್ ಮಟ್ಟ ಇಳಿಯುತ್ತದೆ, ಹಾಗಾಗಿ ಅಲ್ಲಿಂದಲೇ ಕಸಿ ತಂಡಕ್ಕೆ ಫೋನ್ ಹಚ್ಚಿ ಡಾಕ್ಟರ್ ಕೈಗೆ ಕೊಡಿ.