ಸಿಗಡಿ ಕೊಳದಲ್ಲಿ ನಾನು ಮೊದಲು ನೋಡುವುದು ಚೆಕ್ ಟ್ರೇ

ಸಾಕಿದ ಸಿಗಡಿ ತಿನ್ನಬಹುದೇ ಎಂದು ಕೇಳುವವರು ಒಂದು ಕಡೆ, ಸಿಗಡಿ ಕೊಳದಿಂದ ಸುತ್ತಲ ನೀರು ಹಾಳಾಗುವುದಿಲ್ಲವೇ ಎನ್ನುವವರು ಇನ್ನೊಂದು ಕಡೆ. ಕೊಳದ ಏರಿಯ ಮೇಲೆ ಓಡಾಡುವ ನನಗೆ ಇವೆರಡೂ ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಎರಡರ ಬುಡದಲ್ಲೂ ಇರುವುದು ಸಿಗಡಿ ತಿನ್ನದೆ ಬಿಟ್ಟ ಆಹಾರ.

ಕೊಳಗಳಲ್ಲಿ ಹೆಚ್ಚಾಗಿ ಸಾಕುವ ವೆನಾಮಿ ಜಾತಿಯ ಸಿಗಡಿಯ ಆಹಾರದಲ್ಲಿ ಸುಮಾರು ಮೂರನೇ ಒಂದು ಪಾಲು ಪ್ರೊಟೀನ್. ಅದರ ಸಾರಜನಕದಲ್ಲಿ ಸಿಗಡಿಯ ಮೈಗೆ ಹತ್ತುವುದು ಹೆಚ್ಚೆಂದರೆ ಮೂರರಲ್ಲೊಂದು ಭಾಗ. ಮಿಕ್ಕಿದ್ದು ನೀರಿಗೆ, ತಳದ ಕೆಸರಿಗೆ. ಅಮೋನಿಯಾ ಏರುತ್ತದೆ, ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ರೋಗ ತರುವ ವಿಬ್ರಿಯೊ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಸಿಗಡಿ ಸಾಯತೊಡಗಿದಾಗ ಯಾರಾದರೂ ಔಷಧಿಯೆಂದು ಒಂದು ಪುಡಿಯ ಪ್ಯಾಕೆಟ್ ಹಿಡಿದು ಬಂದೇ ಬರುತ್ತಾರೆ.

ಆ ಹಂತಕ್ಕೆ ಹೋಗಬಾರದೆಂದೇ ನಾನು ಚೆಕ್ ಟ್ರೇ, ಅಂದರೆ ಸಿಗಡಿ ಎಷ್ಟು ತಿಂದಿದೆ ಎಂದು ನೋಡಲು ಕೊಳದಲ್ಲಿ ಇಳಿಬಿಡುವ ಬಲೆಯ ತಟ್ಟೆ, ಬಿಟ್ಟು ಕದಲುವುದಿಲ್ಲ. ಆಹಾರ ಎರಚುವಾಗ ಟ್ರೇಗೂ ಸ್ವಲ್ಪ ಹಾಕಿ, ಒಂದೆರಡು ಗಂಟೆಯಲ್ಲಿ ಎತ್ತಿ ನೋಡುತ್ತೇನೆ. ಉಳಿದಿದ್ದರೆ ಮುಂದಿನ ಹೊತ್ತಿಗೆ ಕಡಿತ. ಕರುಳು ತುಂಬಿದೆಯೇ, ರೋಗದ ಸುಳಿವಾಗಿ ಹಿಕ್ಕೆ ಬಿಳಿಯಾಗಿದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ. ಮೋಡ ಕವಿದ ದಿನ, ಪೊರೆ ಕಳಚುವ ದಿನ ಸಿಗಡಿ ಕಡಿಮೆ ತಿನ್ನುತ್ತದೆ; ಫೀಡ್ ಚೀಲದ ಜೊತೆ ಬರುವ ಚಾರ್ಟ್‌ಗೆ ಅದೇನು ಗೊತ್ತು? ಬೆಳಗಿನ ಜಾವ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿದ್ದರೆ ನೀರಿಗೆ ಗಾಳಿ ಬೆರೆಸುವ ಏರೇಟರ್ ಮಾತ್ರ, ಆಹಾರ ಆಮೇಲೆ. ಅಮೋನಿಯಾ ಅಳೆದಾಗ ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಕೂಡ ಬರೆದಿಡುತ್ತೇನೆ. ಪಿಎಚ್ ಏರಿದಂತೆಲ್ಲ ಅಷ್ಟೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ.

ಬಿಳಿ ಚುಕ್ಕೆ ರೋಗ ವೈರಸ್‌ನಿಂದ ಬರುವಂಥದ್ದು, ಆಂಟಿಬಯೋಟಿಕ್ ಅದಕ್ಕೆ ನಾಟುವುದೇ ಇಲ್ಲ. ವೈರಸ್ ಇಲ್ಲವೆಂದು ಪಿಸಿಆರ್ ಪರೀಕ್ಷೆಯಲ್ಲಿ ಖಚಿತವಾದ ಮರಿ, ರೋಗ ಹೊತ್ತು ತರುವ ಏಡಿ ನುಸುಳದ ಬೇಲಿ, ಬ್ಲೀಚಿಂಗ್ ಪುಡಿ ಹಾಕಿ ಕ್ಲೋರಿನ್ ಆರುವವರೆಗೆ ಬಿಟ್ಟ ನೀರು: ನನ್ನ ಔಷಧಿ ಇಷ್ಟೇ. ನೈಟ್ರೋಫ್ಯೂರಾನ್ ಎಂಬ ಆಂಟಿಬಯೋಟಿಕ್ ಬಳಸಿದರೆ ಅದರ ಉಳಿಕೆ ಮಾಂಸದ ಪ್ರೊಟೀನಿಗೆ ಅಂಟಿ ವಾರಗಟ್ಟಲೆ ಇರುತ್ತದೆ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅದನ್ನೂ ಕ್ಲೋರಾಂಫೆನಿಕಾಲ್ ಎಂಬ ಇನ್ನೊಂದು ಆಂಟಿಬಯೋಟಿಕನ್ನೂ ಹಲವು ದೇಶಗಳು ನಿಷೇಧಿಸಿವೆ. ಒಳಗೇನಿದೆ ಎಂದು ಬರೆಯದ ‘ಟಾನಿಕ್’ ನನ್ನ ಶೆಡ್ಡಿನ ಬಾಗಿಲು ದಾಟುವುದಿಲ್ಲ.

ಕೊಳ ಬರಿದು ಮಾಡುವಾಗ ಗಸಿಯ ಬಹುಪಾಲು ಬರುವುದು ಕೊನೆಯ 10-15 ಶೇಕಡಾ ನೀರಿನಲ್ಲಿ. ಅದನ್ನು ನೇರವಾಗಿ ಕಾಲುವೆಗೆ ಬಿಡದೆ ತಂಗುಕೊಳಕ್ಕೆ ತಿರುಗಿಸಿ, ಕೆಸರು ಕೂತ ಮೇಲೆ ಹೊರಬಿಡುತ್ತೇನೆ. ಕೆಸರಿನಲ್ಲಿ ಉಪ್ಪಿರುವುದರಿಂದ ಗೊಬ್ಬರವೆಂದು ಹೊಲಕ್ಕೆ ಹಾಕುವಂತಿಲ್ಲ. ಕಾಂಡ್ಲಾ ಕಾಡು ಕಡಿದು ಕೊಳ ತೋಡುವುದಂತೂ ಕಾಡಿಗಷ್ಟೇ ಅಲ್ಲ, ಕಸುಬಿಗೂ ಕೇಡು. ಆ ಮಣ್ಣಿನಲ್ಲಿ ಬಹಳ ಕಡೆ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇರುತ್ತದೆ. ಗಾಳಿ ತಾಗಿದರೆ ಆಮ್ಲವಾಗಿ, ಎಷ್ಟು ಸುಣ್ಣ ಸುರಿದರೂ ಪಿಎಚ್ ನಿಲ್ಲುವುದಿಲ್ಲ.

ಹಿಡಿದ ಸಿಗಡಿಯನ್ನು ಬುಟ್ಟಿಯಿಂದ ನೇರ ಐಸ್ ನೀರಿಗೆ ಹಾಕುತ್ತೇನೆ. ತಲೆ ಕಪ್ಪಾಗದಿರಲೆಂದು ಮೆಟಾಬೈಸಲ್ಫೈಟ್ ಎಂಬ ಪುಡಿ ಕರಗಿಸಿದ ನೀರಿನಲ್ಲಿ ಅದ್ದುವವರಿದ್ದಾರೆ. ಹಸಿ ಸಿಗಡಿಯಲ್ಲಿ ಉಳಿಯುವ ಸಲ್ಫೈಟಿಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಕಿಲೋಗೆ 100 ಮಿಲಿಗ್ರಾಂ. ಮಿತಿ ಮೀರಿದರೆ ಆಸ್ತಮಾ ಇರುವವರಿಗೆ ಅಪಾಯ ಹೆಚ್ಚು. ಆ ಕಪ್ಪು ಬಣ್ಣ ಸಿಗಡಿಯೊಳಗಿನ ಕಿಣ್ವದ ಕೆಲಸವೇ ಹೊರತು ಅದೊಂದರಿಂದಲೇ ಸಿಗಡಿ ಕೆಟ್ಟಿದೆ ಎನ್ನಲಾಗದು. ಆದರೂ ಕೊಳ್ಳುವವರು ತಲೆಯ ಬಣ್ಣ ನೋಡಿಯೇ ಬೆಲೆ ಇಳಿಸುತ್ತಾರೆ, ಪುಡಿಗೆ ಗಿರಾಕಿ ಹುಟ್ಟುವುದು ಅಲ್ಲೇ.