"ಒಂದು ಮುತ್ತು ಕೊಡು" ಅಂದರೆ ಮಗು ಬೇಡ ಅನ್ನಬಹುದು

ಪ್ರೈಮರಿ ಮಕ್ಕಳಿರುವವರಿಗೆ ಒಂದು ಸಲಹೆ. ಗುಡ್ ಟಚ್, ಬ್ಯಾಡ್ ಟಚ್ ಅಂತ ಒಂದು ಸಲ ಪಾಠ ಮಾಡಿ ಮುಗಿಸಬೇಡಿ. ಸ್ನಾನ ಮಾಡಿಸುವಾಗ ಮಾತಿನ ಮಧ್ಯೆ ಹೇಳಿ: ಚಡ್ಡಿ ಮುಚ್ಚುವ ಜಾಗವನ್ನು ಯಾರೂ ಸುಮ್ನೆ ಮುಟ್ಟಬಾರದು, ಫೋಟೊ ತೆಗೆಯಬಾರದು. ಡಾಕ್ಟರ್ ನೋಡುವಾಗಲೂ ಅಮ್ಮನೋ ಅಪ್ಪನೋ ಜೊತೆಗಿರಬೇಕು.

ಅಪರಿಚಿತರ ಭಯ ಹುಟ್ಟಿಸಿದರೆ ಸಾಲದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳಲ್ಲಿ ಆರೋಪಿ ಬಹುತೇಕ ಮಗುವಿಗೆ ಗೊತ್ತಿರುವವರೇ. ಹಬ್ಬಕ್ಕೆ ಬಂದ ಮಾವ ಮುತ್ತು ಕೇಳಿದಾಗ ಮಗು ಹಿಂದೆ ಸರಿದರೆ ಬಲವಂತ ಮಾಡಬೇಡಿ. "ನಮಸ್ಕಾರ ಮಾಡು, ಸಾಕು" ಅನ್ನಿ. ಮಾವನಿಗೆ ಬೇಜಾರಾಗುತ್ತೆ, ಆಗಲಿ ಬಿಡಿ. ಮನೆಯಲ್ಲೇ "ಬೇಡ" ಅನ್ನಲು ಬಿಡದಿದ್ದರೆ ಹೊರಗೆ ಹೇಗೆ ಅಂದೀತು, ಅಲ್ವಾ?

"ಅಮ್ಮಂಗೆ ಹೇಳ್ಬೇಡ, ಚಾಕೊಲೇಟ್ ಕೊಡ್ತೀನಿ" ಅಂತ ಯಾರಾದರೂ ಅಂದರೆ ಅದನ್ನೇ ಮೊದಲು ಬಂದು ಹೇಳಬೇಕು ಅಂತ ಕಲಿಸಿ. ಗಂಡುಮಕ್ಕಳಿಗೂ ಇದೆಲ್ಲಾ ಹೇಳಿ, ಅವರನ್ನು ನಾವು ಮರೆಯುವುದೇ ಜಾಸ್ತಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಗಂಡು, ಹೆಣ್ಣು ಇಬ್ಬರಿಗೂ ಒಂದೇ.

ಮಗು ಏನಾದರೂ ಹೇಳಿದರೆ "ನಿಂದೇನೂ ತಪ್ಪಿಲ್ಲ, ಹೇಳಿದ್ದು ಒಳ್ಳೇದಾಯ್ತು" ಅನ್ನಿ. ಪ್ರಶ್ನೆ ಮೇಲೆ ಪ್ರಶ್ನೆ ಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದಿನದ 24 ಗಂಟೆಯೂ ಉಚಿತ. ಪೊಲೀಸರಿಗೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಠಾಣೆಗೆ ಮಗುವನ್ನು ಕರೆದೊಯ್ಯಬೇಕು ಅಂತ ಹೆದರಬೇಡಿ. ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಆಗ ಪೊಲೀಸರು ಯೂನಿಫಾರ್ಮ್‌ನಲ್ಲಿ ಇರುವಂತಿಲ್ಲ.